ಗರಿಯ ಬಣ್ಣ ಕೂಡಿಬರುವ ಬಗೆ

ಕಪ್ಪು ಹುಂಜ, ಕಪ್ಪು ಹೇಂಟೆ. ಕಾವಿನಿಂದ ಎದ್ದ ಹನ್ನೊಂದು ಮರಿಗಳಲ್ಲಿ ಮೂರು ಬೆಳೆಯುತ್ತಾ ಬೆಳೆಯುತ್ತಾ ಅಚ್ಚ ಬಿಳಿಯಾದವು. ನಮ್ಮ ಹಿತ್ತಲಲ್ಲಿ ಹೀಗಾದಾಗ ಮನೆಯವರೆಲ್ಲ ಪಕ್ಕದ ಮನೆಯ ಬಿಳಿ ಹುಂಜದತ್ತ ಬೊಟ್ಟು ಮಾಡಿದರು, ಬೇಲಿ ಹಾರಿ ಬಂದಿರಬೇಕು ಎಂದರು. ಮುಂದಿನ ಸಲ ಆ ಕರಿ ಜೋಡಿಯನ್ನು ಗೂಡಿನಲ್ಲೇ ಕೂಡಿಹಾಕಿ, ಮೂರು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನಷ್ಟೇ ಕಾವಿಗೆ ಕೂರಿಸಿದೆವು. ಆಗಲೂ ಎರಡು ಬಿಳಿ ಮರಿ ಬಂದವು. ಪಕ್ಕದ ಮನೆಯ ಹುಂಜದ ತಪ್ಪೇನೂ ಇರಲಿಲ್ಲ. ನಮ್ಮ ಹುಂಜ, ಹೇಂಟೆ ಎರಡೂ ಅಜ್ಜಿ ಹಿಂದೆ ಸಂತೆಯಿಂದ ತಂದಿದ್ದ ಒಂದೇ ಬಿಳಿ ಕೋಳಿಯ ಮೊಮ್ಮಕ್ಕಳು. ಆ ಬಿಳುಪು ಎರಡು ತಲೆಮಾರು ಕಪ್ಪು ಗರಿಯ ಮರೆಯಲ್ಲಿ ಕೂತಿತ್ತು.

ಬೇಕಾದ ಬಣ್ಣದ ಕೋಳಿ ಬೆಳೆಸಬೇಕು ಎನ್ನುವವರು ಮೊದಲು ತಿಳಿಯಬೇಕಾದ್ದು ಇದನ್ನೇ. ಕೋಳಿ ತೋರಿಸುವ ಬಣ್ಣ ಬೇರೆ, ಹೊತ್ತಿರುವ ಬಣ್ಣ ಬೇರೆ. ತೋರಿಸುವುದನ್ನು ಕಣ್ಣಿನಿಂದ ನೋಡಬಹುದು. ಹೊತ್ತಿರುವುದನ್ನು ಅದರ ಮರಿಗಳನ್ನು ನೋಡಿಯೇ ತಿಳಿಯಬೇಕು.

ಯಾರಿಗೆ ಬೇಕು ಬಣ್ಣ

ಹಿತ್ತಲ ಕೋಳಿಯ ಬಣ್ಣ ಬರೀ ಚೆಂದಕ್ಕೆ ಸೇರಿದ್ದಲ್ಲ. ಹರಕೆಗೆ ಇಂಥದೇ ಬಣ್ಣದ ಕೋಳಿ ಬೇಕೆಂದು ಹುಡುಕಿಕೊಂಡು ಬರುವವರಿದ್ದಾರೆ. ಸಂತೆಯಲ್ಲಿ ಬಣ್ಣದ ಗರಿ ಕಂಡರೆ ನಾಟಿ ಎಂದು ಹೆಚ್ಚು ಬೆಲೆ ಕೊಡುತ್ತಾರೆ. ಬಯಲಲ್ಲಿ ಮೇಯುವ ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ. ಹಿತ್ತಲ ಸಾಕಣೆಗೆಂದು ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನಲ್ಲಿ ರೂಪುಗೊಂಡ ವನರಾಜ ಎರಡೂ ಬಣ್ಣದ ಗರಿಯವಾಗಿರುವುದು ಈ ಕಾರಣಗಳಿಗೇ. ತುಳುನಾಡಿನಲ್ಲಿ ಹುಂಜವನ್ನು ಬಣ್ಣದ ಹೆಸರಿನಿಂದಲೇ ಕರೆಯುತ್ತಾರೆ, ಬಿಳಿಯದು ಬೊಳ್ಳೆ. ಆಂಧ್ರದ ಕುಕ್ಕುಟ ಶಾಸ್ತ್ರದಲ್ಲಿ ಕಪ್ಪು ಗರಿಯದು ಕಾಕಿ, ಕೆಂಪು ಗರಿಯದು ಡೇಗ. ಇಷ್ಟು ಹೆಸರಿಡಬೇಕಾದರೆ ಗರಿಯನ್ನು ಎಷ್ಟು ಹತ್ತಿರದಿಂದ ನೋಡಿರಬೇಕು!

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಣ್ಣದ ಗರಿ ಇದ್ದ ಮಾತ್ರಕ್ಕೆ ಕೋಳಿ ನಾಟಿಯಾಗುವುದಿಲ್ಲ. ಫಾರಂನಲ್ಲಿ ಬೆಳೆದ ಬಣ್ಣದ ಕೋಳಿಗಳೂ ಸಂತೆಗೆ ಬರುತ್ತವೆ.

ಎರಡೇ ವರ್ಣದ್ರವ್ಯ

ಕೋಳಿಯ ಗರಿಯಲ್ಲಿ ಇಷ್ಟೊಂದು ಬಣ್ಣ ಕಂಡರೂ ಒಳಗಿರುವ ವರ್ಣದ್ರವ್ಯಗಳು ಎರಡೇ. ಯುಮೆಲನಿನ್ ಎಂಬುದು ಕಪ್ಪು, ಕಂದು ಬಣ್ಣ ಕೊಡುತ್ತದೆ. ಫಿಯೋಮೆಲನಿನ್ ಎಂಬುದು ಕೆಂಪು, ಹೊನ್ನು, ಹಳದಿ ಛಾಯೆ ಕೊಡುತ್ತದೆ. ಎರಡೂ ಇಲ್ಲದ ಕಡೆ ಗರಿ ಬಿಳಿ. ಕರಿ ಹುಂಜದ ಬಾಲದಲ್ಲಿ ಬಿಸಿಲಿಗೆ ಮಿನುಗುವ ಹಸಿರು ಬಣ್ಣವೇ ಅಲ್ಲ. ಗರಿಯ ಸೂಕ್ಷ್ಮ ಪದರಗಳ ಮೇಲೆ ಬೆಳಕು ಬಿದ್ದು ಒಡೆಯುವುದರಿಂದ ಹಾಗೆ ಕಾಣುತ್ತದೆ.

ಈ ಎರಡು ದ್ರವ್ಯಗಳನ್ನು ಎಲ್ಲಿ, ಎಷ್ಟು, ಯಾವಾಗ ತುಂಬಬೇಕು ಎಂಬುದನ್ನು ಹಲವು ಜೀನ್‌ಗಳು ಸೇರಿ ತೀರ್ಮಾನಿಸುತ್ತವೆ. ಎಲ್ಲಕ್ಕೂ ಅಡಿಪಾಯದಂಥ ಜೀನ್ ಒಂದಿದೆ, ಎಂಸಿ1ಆರ್. ಅದರ ಒಂದು ರೂಪ ಮೈಯಿಡೀ ಕಪ್ಪು ಹರಡುತ್ತದೆ. ಇನ್ನೊಂದು ರೂಪ ಕಾಡುಕೋಳಿಯ ವೇಷ ಕೊಡುತ್ತದೆ: ಹುಂಜಕ್ಕೆ ಹೊಂಬಣ್ಣದ ಕತ್ತು, ಕಪ್ಪು ಎದೆ, ಹೇಂಟೆಗೆ ಒಣಗಿದ ಎಲೆಯ ಕಂದು. ಮತ್ತೊಂದು ರೂಪದಲ್ಲಿ ಹೇಂಟೆ ಗೋಧಿಯ ಬಣ್ಣಕ್ಕೆ ತಿರುಗುತ್ತದೆ. ಕಾಡುಕೋಳಿ ರೂಪದ ಮರಿಗೆ ಬೆನ್ನ ಮೇಲೆ ಅಳಿಲಿನ ಹಾಗೆ ಉದ್ದುದ್ದ ಪಟ್ಟೆ. ಕರಿ ರೂಪದ ಮರಿಗೆ ಬೆನ್ನು ಕಪ್ಪಾದರೂ ಹೊಟ್ಟೆ, ರೆಕ್ಕೆಯ ತುದಿ ಬಿಳಿಯಾಗಿರುತ್ತವೆ. ಆ ಬಿಳುಪು ನೋಡಿ ಮರಿ ಕೆಟ್ಟಿತು ಎಂದುಕೊಳ್ಳಬೇಕಿಲ್ಲ, ದೊಡ್ಡದಾದಾಗ ಅದು ಮಾಯವಾಗುತ್ತದೆ.

ಕಾಡಿನ ನಂಟು

ನಾಡಿನ ಕೋಳಿಯ ಮೂಲ ಕೆಂಪು ಕಾಡುಕೋಳಿ. ಡಾರ್ವಿನ್ ಅದೊಂದೇ ಮೂಲ ಎಂದು ಬಗೆದಿದ್ದರು. ಆದರೆ ಹಲವು ತಳಿಗಳ ಕಾಲಿನಲ್ಲೂ ಚರ್ಮದಲ್ಲೂ ಕಾಣುವ ಹಳದಿಗೆ ಕಾರಣವಾದ ಜೀನ್ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೂದು ಕಾಡುಕೋಳಿ ಎಂದರೆ ನಮ್ಮ ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಬೆಳಗಿನ ಹೊತ್ತು ಕೂಗುವ ಅದೇ ಹಕ್ಕಿ. ಅದರ ಕತ್ತಿನ ಗರಿಗಳ ಮೇಲೆ ಮೇಣ ತೊಟ್ಟಿಕ್ಕಿದ ಹಾಗೆ ಹೊಳೆಯುವ ಚುಕ್ಕೆಗಳಿರುತ್ತವೆ. ವಿದೇಶಗಳಲ್ಲಿ ಮೀನಿನ ಗಾಳಕ್ಕೆ ಹುಸಿನೊಣ ಕಟ್ಟಲು ಆ ಗರಿಗಳಿಗೆ ಎಷ್ಟು ಬೇಡಿಕೆಯಿತ್ತೆಂದರೆ, ಅದಕ್ಕಾಗಿಯೇ ಈ ಹಕ್ಕಿಯನ್ನು ಬೇಟೆಯಾಡಲಾಯಿತು. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಬಣ್ಣದ ಆಸೆಗೆ ಕಾಡಿನಿಂದ ಮೊಟ್ಟೆ ತಂದು ಹಿತ್ತಲಲ್ಲಿ ಕಾವಿಗಿಡುವುದು ಅಪರಾಧ. ನಮ್ಮ ಕೋಳಿಗಳಲ್ಲೇ ಬೇಕಾದಷ್ಟು ಬಣ್ಣಗಳು ಅಡಗಿವೆ.

ಬೂದಿ ಬಣ್ಣ ಕಲಿಸಿದ ಪಾಠ

ಇಂಗ್ಲಿಷರು ನೀಲಿ ಎಂದು ಕರೆಯುವ ಬಣ್ಣ ನಮ್ಮ ಕಣ್ಣಿಗೆ ಬೂದಿ ಬಣ್ಣ, ಒಲೆಯಿಂದ ತೆಗೆದ ತಣ್ಣನೆಯ ಬೂದಿಯದು. ಸ್ಪೇನಿನ ಆಂಡಲೂಸಿಯಾ ಪ್ರಾಂತದ ಹೆಸರು ಹೊತ್ತ ಆಂಡಲೂಸಿಯನ್ ಕೋಳಿ ಈ ಬಣ್ಣಕ್ಕೆ ಹೆಸರಾದದ್ದು. ಒಂದು ಗರಿ ಕಿತ್ತು ಕೈಯಲ್ಲಿ ಹಿಡಿದರೆ ನಡುವೆ ತಿಳಿ ಬೂದು, ಅಂಚಿಗೆ ಕಾಡಿಗೆ ತೀಡಿದಂಥ ಕಪ್ಪು ಗೆರೆ.

ಈ ಕೋಳಿ ಸಾಕುತ್ತಿದ್ದ ಇಂಗ್ಲೆಂಡಿನವರಿಗೆ ತೀರದ ತಲೆನೋವೊಂದಿತ್ತು. ಬೂದಿ ಹುಂಜಕ್ಕೆ ಬೂದಿ ಹೇಂಟೆಯನ್ನೇ ಕೂಡಿಸಿದರೂ ಮರಿಗಳಲ್ಲಿ ಅರ್ಧ ಮಾತ್ರ ಬೂದಿ ಬಣ್ಣದವು. ಉಳಿದವುಗಳಲ್ಲಿ ಅರ್ಧ ಕಪ್ಪು, ಇನ್ನರ್ಧ ಮಸಿ ಚಿಮುಕಿಸಿದಂಥ ಬಿಳಿ. ಕಪ್ಪನ್ನೂ ಮಸಿಬಿಳಿಯನ್ನೂ ಕಸವೆಂದು ತೆಗೆದುಹಾಕಿ, ಮುಂದಿನ ಸಲ ಇನ್ನೂ ಒಳ್ಳೆಯ ಬೂದಿ ಜೋಡಿ ಆರಿಸುತ್ತಿದ್ದರು. ಎಷ್ಟು ತಲೆಮಾರು ಆರಿಸಿದರೂ ಲೆಕ್ಕ ಬದಲಾಗಲಿಲ್ಲ.

1900ರಲ್ಲಿ ಮೆಂಡೆಲನ ಬಟಾಣಿ ಗಿಡಗಳ ಲೆಕ್ಕ ಮತ್ತೆ ಬೆಳಕಿಗೆ ಬಂದಾಗ ಕೇಂಬ್ರಿಜ್‌ನ ವಿಲಿಯಂ ಬೇಟ್‌ಸನ್ ಅದನ್ನು ಕೋಳಿಗಳಲ್ಲಿ ಪರೀಕ್ಷಿಸಿದರು. ಮೆಂಡೆಲನ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆ ಎಂದು ಮೊದಮೊದಲು ತೋರಿಸಿದವುಗಳಲ್ಲಿ ಹಿತ್ತಲ ಕೋಳಿಯೂ ಒಂದು. ಬೇಟ್‌ಸನ್ ಮತ್ತು ಅವರ ಜೊತೆಗಾರ ರೆಜಿನಾಲ್ಡ್ ಪನ್ನೆಟ್ ಆಂಡಲೂಸಿಯನ್ನಿನ ಒಗಟನ್ನೂ ಬಿಡಿಸಿದರು. ಕಪ್ಪನ್ನು ತೆಳುಗೊಳಿಸುವ ಜೀನೊಂದು ಇದೆ. ಅದರ ಒಂದು ಪ್ರತಿ ಇದ್ದರೆ ಕಪ್ಪು ಬೂದಿಯಾಗುತ್ತದೆ, ಎರಡು ಪ್ರತಿ ಇದ್ದರೆ ಬೂದಿಯೂ ಮಾಸಿ ಮಸಿಬಿಳಿಯಾಗುತ್ತದೆ, ಒಂದೂ ಇಲ್ಲದಿದ್ದರೆ ಕಪ್ಪು. ಅಂದರೆ ಬೂದಿ ಕೋಳಿ ಎಂದರೇ ಅರ್ಧಂಬರ್ಧ ಕೋಳಿ. ಅದನ್ನು ಎಷ್ಟು ಆರಿಸಿದರೂ ಶುದ್ಧ ತಳಿಯಾಗಿ ನಿಲ್ಲಿಸಲಾಗದು.

ಹಾಗಾದರೆ ಎಲ್ಲ ಮರಿಗಳೂ ಬೂದಿ ಬಣ್ಣದವೇ ಬರಬೇಕಾದರೆ? ಕಸವೆಂದು ತೆಗೆದುಹಾಕುತ್ತಿದ್ದ ಕಪ್ಪು ಮತ್ತು ಮಸಿಬಿಳಿಯನ್ನು ಒಂದಕ್ಕೊಂದು ಕೂಡಿಸಬೇಕು. ಕಪ್ಪಿನಿಂದ ಶೂನ್ಯ, ಮಸಿಬಿಳಿಯಿಂದ ಒಂದು. ಪ್ರತಿ ಮರಿಗೂ ತಪ್ಪದೆ ಒಂದೇ ಪ್ರತಿ. ನೂರಕ್ಕೆ ನೂರು ಬೂದಿ. ಬಣ್ಣ ಕೂಡಿಸುವ ವಿದ್ಯೆಯಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಲೆಕ್ಕ ಇನ್ನೊಂದಿಲ್ಲ. ಬೇಕಾದ ಬಣ್ಣ ಒಂದರಲ್ಲೂ ಕಾಣದ ಜೋಡಿಯೇ ಬೇಕಾದ ಬಣ್ಣವನ್ನು ಪೂರ್ತಿಯಾಗಿ ಕೊಡುತ್ತದೆ.

ಇದೇ ಹೋಲಿಕೆಯ ಇನ್ನೊಂದು ಬಣ್ಣವಿದೆ, ಲ್ಯಾವೆಂಡರ್. ಅದರ ಜೀನ್ ಬೇರೆ, ನಡತೆಯೂ ಬೇರೆ. ಎರಡು ಪ್ರತಿ ಕೂಡಿದಾಗ ಮಾತ್ರ ಕಾಣಿಸುತ್ತದೆ, ಕಂಡ ಮೇಲೆ ನೆಲೆ ನಿಲ್ಲುತ್ತದೆ: ಲ್ಯಾವೆಂಡರ್‌ಗೆ ಲ್ಯಾವೆಂಡರ್ ಕೂಡಿಸಿದರೆ ಮರಿಗಳೆಲ್ಲ ಅದೇ ಬಣ್ಣ. ಗುರುತಿಸಲು ಗರಿಯ ಅಂಚು ನೋಡಬೇಕು. ಬೂದಿಯಲ್ಲಿ ಅಂಚು ಕಪ್ಪು, ಹುಂಜದ ಕತ್ತೂ ಕಪ್ಪು. ಲ್ಯಾವೆಂಡರ್‌ನಲ್ಲಿ ನೆತ್ತಿಯಿಂದ ಬಾಲದವರೆಗೆ ಒಂದೇ ಸಮನಾದ ತಿಳಿ ಬಣ್ಣ.

ಬಿಳಿಯಲ್ಲಿ ಎರಡು ಬಿಳಿ

ಬಿಳಿ ಹುಂಜ ತಂದು ಬಣ್ಣದ ಹೇಂಟೆಗಳ ನಡುವೆ ಬಿಟ್ಟರೆ ಏನಾಗುತ್ತದೆ? ಒಬ್ಬರ ಮನೆಯಲ್ಲಿ ಮರಿಗಳೆಲ್ಲ ಬಿಳಿ, ಇನ್ನೊಬ್ಬರ ಮನೆಯಲ್ಲಿ ಒಂದೂ ಬಿಳಿಯಿಲ್ಲ. ಇಬ್ಬರೂ ಹೇಳುವುದು ನಿಜ, ಏಕೆಂದರೆ ಅವೆರಡು ಬೇರೆ ಬೇರೆ ಬಿಳಿ.

ವೈಟ್ ಲೆಗ್‌ಹಾರ್ನ್‌ನದು ಪ್ರಬಲ ಬಿಳಿ. ಒಂದು ಪ್ರತಿ ಇದ್ದರೂ ಕಪ್ಪನ್ನು ಅಡಗಿಸಿಬಿಡುತ್ತದೆ, ಅಲ್ಲಲ್ಲಿ ಒಂದೆರಡು ಕಪ್ಪು ಚುಕ್ಕೆ ಉಳಿಯಬಹುದು ಅಷ್ಟೇ. ಆದರೆ ಕೆಂಪಿನ ಮೇಲೆ ಅದರ ಬಲ ಕಡಿಮೆ. ಕೆಂಪು ನಾಟಿ ಕೋಳಿಗೆ ಲೆಗ್‌ಹಾರ್ನ್ ಕೂಡಿದಾಗ ಬೆನ್ನು, ರೆಕ್ಕೆಗಳಲ್ಲಿ ಕೆಂಪು ಇಣುಕುವ ಬಿಳಿ ಕೋಳಿಗಳು ಹುಟ್ಟುವುದು ಇದರಿಂದ.

ವೈಟ್ ಪ್ಲೈಮೌತ್ ರಾಕ್‌ನಂಥವುಗಳದು ದುರ್ಬಲ ಬಿಳಿ. ದುರ್ಬಲ ಎಂದರೆ ಒಂಟಿಯಾಗಿದ್ದಾಗ ಅಡಗಿರುತ್ತದೆ ಎಂದಷ್ಟೇ ಅರ್ಥ. ಅಪ್ಪನಿಂದೊಂದು, ಅಮ್ಮನಿಂದೊಂದು ಬಂದು ಸೇರಿದಾಗ ಮೈಯಿಡೀ ಬಿಳಿ, ಅದರ ಕೆಳಗೆ ಯಾವ ಬಣ್ಣವಿದ್ದರೂ ಕಾಣುವುದಿಲ್ಲ. ಅಜ್ಜಿಯ ಸಂತೆ ಕೋಳಿಯದು ಈ ಬಿಳಿ.

ಈ ಎರಡು ಬಿಳಿಗಳನ್ನು ಒಂದಕ್ಕೊಂದು ಕೂಡಿಸಿದರೆ ಮೊದಲ ತಲೆಮಾರು ಪೂರ್ತಿ ಬಿಳಿ. ಆ ಒಡಹುಟ್ಟಿದವುಗಳನ್ನು ಮತ್ತೆ ಕೂಡಿಸಿದರೆ 16ರಲ್ಲಿ ಸರಾಸರಿ 13 ಬಿಳಿ, 3 ಬಣ್ಣದವು. ಬಿಳಿ ಕೋಳಿಗಳ ಮನೆಯಲ್ಲಿ ಬಣ್ಣದ ಮರಿ ಹುಟ್ಟಿದ್ದನ್ನು ಕಂಡು ಬೆರಗಾದವರಿಗೆ ಈ ಲೆಕ್ಕದಲ್ಲಿ ಉತ್ತರವಿದೆ.

ಅಪ್ಪನಿಂದ ಮಗಳಿಗೆ

ನಮ್ಮಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ಅಪ್ಪನ ಕಡೆಯಿಂದ ತೀರ್ಮಾನವಾಗುತ್ತದೆ. ಕೋಳಿಯಲ್ಲಿ ಅದು ತಾಯಿಯ ಕೈಯಲ್ಲಿದೆ. ಹುಂಜಕ್ಕೆ ಎರಡು ಝಡ್ ವರ್ಣತಂತುಗಳು. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು. ಹೇಂಟೆ ತನ್ನ ಝಡ್ಡನ್ನು ಗಂಡುಮರಿಗೆ ಮಾತ್ರ ಕೊಡುತ್ತದೆ. ಹೆಣ್ಣುಮರಿಗೆ ಸಿಗುವ ಝಡ್ ಅಪ್ಪನದೇ. ಹೊನ್ನು–ಬೆಳ್ಳಿ ಛಾಯೆಯ ಜೀನ್, ಗರಿಗೆ ಅಡ್ಡಪಟ್ಟೆ ಹಾಕುವ ಜೀನ್ ಎರಡೂ ಈ ಝಡ್ ಮೇಲೆಯೇ ಇವೆ. ಹಾಗಾಗಿ ಈ ಬಣ್ಣಗಳಲ್ಲಿ ಹೆಣ್ಣುಮರಿ ಅಪ್ಪನನ್ನೇ ಹೋಲುತ್ತದೆ.

ಕೆಂಪು ರೋಡ್ ಐಲ್ಯಾಂಡ್ ರೆಡ್ ಹುಂಜವನ್ನು ಅಡ್ಡಪಟ್ಟೆಯ ಪ್ಲೈಮೌತ್ ರಾಕ್ ಹೇಂಟೆಗೆ ಕೂಡಿಸಿ ನೋಡಿ. ಮೊಟ್ಟೆಯೊಡೆದ ದಿನವೇ ಮರಿಗಳ ಲಿಂಗ ಹೇಳಬಹುದು. ಎಲ್ಲವೂ ಕಪ್ಪು ತುಪ್ಪಳದವು. ನೆತ್ತಿಯ ಮೇಲೆ ಬಿಳಿ ಬೊಟ್ಟಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಬೊಟ್ಟಿನವು ಬೆಳೆದಂತೆ ತಾಯಿಯ ಪಟ್ಟೆ ತೋರಿಸುತ್ತವೆ. ಜೋಡಿಯನ್ನು ತಿರುಗಿಸಿ, ಪಟ್ಟೆಯ ಹುಂಜವನ್ನು ಕೆಂಪು ಹೇಂಟೆಗೆ ಬಿಟ್ಟರೆ ಈ ಗುರುತು ಸಿಗುವುದಿಲ್ಲ, ಎಲ್ಲ ಮರಿಗೂ ಬೊಟ್ಟು. ಮೊದಲ ಮಹಾಯುದ್ಧದ ಕಾಲದಲ್ಲಿ ಕಾಳಿಗೆ ಬರ ಬಂದಾಗ ಹೆಣ್ಣುಮರಿಗಳನ್ನು ಮೊದಲೇ ಗುರುತಿಸುವ ದಾರಿಯಾಗಿ ಬಣ್ಣದ ಈ ಗುಣದತ್ತ ಬೊಟ್ಟು ಮಾಡಿದವರೂ ಪನ್ನೆಟ್ಟರೇ.

ಹುಂಜ ತೋರಿಸದ್ದು

ಬೆಡಗಿನ ಹುಂಜ ನೋಡಿ ಮರುಳಾಗುವುದು ಹೊಸಬರ ಸಾಮಾನ್ಯ ತಪ್ಪು, ನಾನೂ ಮಾಡಿದ್ದೇನೆ. ಹುಂಜದ ಉದ್ದ ಕತ್ತಿನ ಗರಿ, ಬಾಗಿದ ಬಾಲ ಕೋಳಿಗೆ ಹುಟ್ಟಾ ಇರುವ ವೇಷ. ಹೇಂಟೆಯಲ್ಲಿ ಅಂಡಾಶಯದ ಈಸ್ಟ್ರೋಜನ್ ಆ ವೇಷವನ್ನು ತಡೆದು ಸಾದಾ ಗರಿ ಕೊಡಿಸುತ್ತದೆ. ಅಂಡಾಶಯ ಕೆಟ್ಟ ಮುದಿ ಹೇಂಟೆ ಪುಕ್ಕ ಉದುರಿಸಿದ ಮೇಲೆ ಹುಂಜದ ಗರಿ ತಳೆಯುವುದು ಇದೇ ಕಾರಣಕ್ಕೆ. ಹಾಗಾಗಿ ಹುಂಜದ ಆ ವೇಷ ಅದರ ಹೆಣ್ಣುಮಕ್ಕಳ ಮೈಮೇಲೆ ಬಾರದು. ಹೇಂಟೆಗಳಲ್ಲಿ ಇಂಥ ಬಣ್ಣ ಬೇಕು ಎಂದಿದ್ದರೆ ಹುಂಜದ ತಾಯಿಯನ್ನೂ ಅಕ್ಕತಂಗಿಯರನ್ನೂ ನೋಡಿ ಹುಂಜ ಆರಿಸಿ.

ಕಡಕ್‌ನಾಥ್ ವಿಷಯದಲ್ಲೂ ಗರಿ ಮೋಸ ಮಾಡುತ್ತದೆ. ಮಧ್ಯಪ್ರದೇಶದ ಝಾಬುವಾದ ಈ ತಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಚರ್ಮ, ಮಾಂಸ, ಮೂಳೆಯ ಹೊದಿಕೆಯವರೆಗೆ ಕಪ್ಪು ಹರಡುವ ಜೀನ್ ಗರಿಯ ಕಪ್ಪಿನದಲ್ಲ. ಕಡಕ್‌ನಾಥ್‌ನಲ್ಲೇ ಹೊನ್ನಿನ ಛಾಯೆಯವೂ ಇವೆ. ಕರಿ ಗರಿಯ ಸಾಮಾನ್ಯ ಕೋಳಿಯನ್ನು ಕಡಕ್‌ನಾಥ್ ಎಂದು ಮಾರುವವರಿದ್ದಾರೆ. ಕೊಳ್ಳುವ ಮೊದಲು ಕೊಕ್ಕು ಬಿಡಿಸಿ ನಾಲಗೆ ನೋಡಬೇಕು. ಅಂದ ಹಾಗೆ ಅದರ ಮೊಟ್ಟೆ ಕಪ್ಪಲ್ಲ, ತಿಳಿ ಕಂದು.

ಹಿತ್ತಲಲ್ಲಿ ಕೈಹಚ್ಚುವಾಗ

ಒಂದು ಹುಂಜ, ಮೂರೋ ನಾಲ್ಕೋ ಹೇಂಟೆ, ಬೇರೆ ಹುಂಜ ನುಸುಳದ ಗೂಡು. ಇಷ್ಟಿದ್ದರೆ ಸಾಕು. ಹೇಂಟೆಯ ಮೈಯಲ್ಲಿ ಹುಂಜದ ವೀರ್ಯ ಎರಡು ವಾರ, ಕೆಲವೊಮ್ಮೆ ಮೂರು ವಾರವೂ ಉಳಿಯುತ್ತದೆ. ಹಾಗಾಗಿ ಹುಂಜ ಬದಲಿಸಿದ ಮೇಲೆ ಮೂರು ವಾರದ ಮೊಟ್ಟೆಗಳನ್ನು ಅಡುಗೆಮನೆಗೆ ಕೊಟ್ಟುಬಿಡಿ. ಈ ಕಾಯುವಿಕೆ ತಪ್ಪಿಸಿದವರ ಲೆಕ್ಕ ಯಾವತ್ತೂ ಕೂಡುವುದಿಲ್ಲ.

ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಜೋಡಿಯ ಗುರುತು, ತಾರೀಕು ಬರೆಯಿರಿ. ಒಂದು ಕಾವು ಹೇಂಟೆಯ ಕೆಳಗೆ ಒಂದೇ ಜೋಡಿಯ ಮೊಟ್ಟೆ ಇಡಿ. ಬೆರೆಸಿಟ್ಟರೆ 21ನೇ ದಿನ ಮರಿ ಎದ್ದ ಮೇಲೆ ಯಾವುದು ಯಾರದ್ದೆಂದು ಹೇಳಲು ಬ್ರಹ್ಮನಿಗೂ ಆಗದು. ಮರಿಯ ಕಾಲಿಗೆ ಬಣ್ಣದ ದಾರ ಕಟ್ಟಿದರೆ ವಾರಕ್ಕೊಮ್ಮೆ ಬಿಚ್ಚಿ ಸಡಿಲವಾಗಿ ಕಟ್ಟಬೇಕು. ನಾನು ಒಮ್ಮೆ ಹದಿನೈದು ದಿನ ಮರೆತು, ದಾರ ಚರ್ಮದೊಳಗೆ ಇಳಿದು ಒಂದು ಮರಿಯ ಕಾಲು ಊದಿಕೊಂಡಿತ್ತು. ಅಂದಿನಿಂದ ಭಾನುವಾರ ಬೆಳಗ್ಗೆ ಮಕ್ಕರಿ ಎತ್ತಿದ ಕೂಡಲೇ ಮೊದಲ ಕೆಲಸ ದಾರ ನೋಡುವುದು.

ಗೋಡೆ ಕ್ಯಾಲೆಂಡರಿನ ಮೂಲೆಗಿಂತ ಪುಸ್ತಕ ಒಳ್ಳೆಯದು. ಅಪ್ಪ, ಅಮ್ಮ, ಎದ್ದ ಮರಿಗಳ ಸಂಖ್ಯೆ, ಹುಟ್ಟಿದಾಗಿನ ತುಪ್ಪಳದ ಬಣ್ಣ, ಎರಡು ತಿಂಗಳ ಗರಿ, ಆರು ತಿಂಗಳ ಗರಿ. ಮೂರೂ ಹಂತ ಬರೆದಿಡಿ. ಮರಿಯ ತುಪ್ಪಳ ನೋಡಿ ಅವಸರದಲ್ಲಿ ಆರಿಸಬಾರದು. ಹುಂಜದ ಕತ್ತಿನ ನಿಜವಾದ ಬಣ್ಣ ಐದಾರು ತಿಂಗಳಿಗೆ ಬರುತ್ತದೆ. ಕರಿ ಹುಂಜ ಎಂದುಕೊಂಡದ್ದು ಕತ್ತಿನಲ್ಲಿ ಕೆಂಪು ಎಳೆ ತೋರಿಸುವುದು ಆಗಲೇ. ಇನ್ನು ಬಿಸಿಲಿಗೆ ಕಪ್ಪು ಗರಿಯೂ ಕಂದಾಗಿ ಮಾಸುತ್ತದೆ, ಬಿಳಿ ಗರಿಗೆ ಹಳದಿ ಛಾಯೆ ಬರುತ್ತದೆ. ಇವನ್ನು ತಳಿಯ ದೋಷವೆಂದು ಬರೆದುಕೊಳ್ಳಬೇಡಿ, ಪುಕ್ಕ ಉದುರಿ ಹೊಸ ಗರಿ ಬಂದಾಗ ನೋಡಿ.

ಸಣ್ಣ ಸಂಖ್ಯೆಯನ್ನು ನಂಬುವುದು ಇನ್ನೊಂದು ತಪ್ಪು. ನಾಲ್ಕರಲ್ಲಿ ಒಂದು ಎಂದರೆ ಪ್ರತಿ ನಾಲ್ಕು ಮರಿಗೂ ಒಂದು ಖಂಡಿತ ಎಂದಲ್ಲ. ಬೂದಿ ಜೋಡಿಯ 12 ಮರಿಗಳಲ್ಲಿ ಒಂದೂ ಮಸಿಬಿಳಿ ಬಾರದಿರುವ ಸಾಧ್ಯತೆ ನೂರಕ್ಕೆ ಸುಮಾರು 3 ಇದೆ.

ಕರಿ ಹುಂಜದೊಳಗೆ ದುರ್ಬಲ ಬಿಳಿ ಅಡಗಿದೆಯೇ ಎಂದು ತಿಳಿಯಬೇಕೇ? ದುರ್ಬಲ ಬಿಳಿಯ ಹೇಂಟೆಗೆ ಕೂಡಿಸಿ. ಅಡಗಿದ್ದರೆ ಮರಿಗಳಲ್ಲಿ ಅರ್ಧ ಬಿಳಿಯಾಗಬೇಕು. ಒಂದೇ ಒಂದು ಬಿಳಿ ಬಂದರೂ ಗುಟ್ಟು ಬಯಲಾಯಿತು. ಗುಟ್ಟು ಹೊತ್ತ ಹುಂಜಕ್ಕೆ ಐದು ಮರಿಗಳೂ ಬಣ್ಣದವೇ ಹುಟ್ಟುವ ಸಾಧ್ಯತೆ 32ರಲ್ಲಿ ಒಂದು, ಏಳೂ ಬಣ್ಣದವೇ ಹುಟ್ಟುವ ಸಾಧ್ಯತೆ 128ರಲ್ಲಿ ಒಂದು. ಏಳೆಂಟು ಮರಿ ಎಂದರೆ ಒಂದೇ ಕಾವು. ಮೂರು ವರ್ಷ ತಪ್ಪು ಹುಂಜದ ಬೆನ್ನು ಹತ್ತುವುದಕ್ಕಿಂತ ಒಂದು ಕಾವು ಪರೀಕ್ಷೆಗೆ ಕೊಡುವುದು ಲಾಭ.

ಗಿರಿರಾಜದಂಥ ಸುಧಾರಿತ ಕೋಳಿಗಳ ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿಸಿದರೆ ಬಣ್ಣವೂ ತೂಕವೂ ಚೆದುರುತ್ತವೆ. ಬಣ್ಣ ನಿಲ್ಲಿಸುವ ಕೆಲಸಕ್ಕೆ ಪೂರ್ವಿಕರ ಮಾಹಿತಿ ಗೊತ್ತಿರುವ ನಾಟಿ ಜೋಡಿಯೇ ವಾಸಿ.

ಒಡಹುಟ್ಟಿದವರ ಅಪಾಯ

ಬಣ್ಣ ಬೇಗ ನಿಲ್ಲಬೇಕೆಂದು ಅಪ್ಪನಿಗೆ ಮಗಳನ್ನು, ಅಣ್ಣನಿಗೆ ತಂಗಿಯನ್ನು ಕೂಡಿಸುವುದುಂಟು. ಅಂಥ ಜೋಡಿಯ ಮರಿಗಳಲ್ಲಿ ಸರಾಸರಿ ನೂರಕ್ಕೆ 25 ಜೀನ್ ಜೋಡಿಗಳು ಒಂದೇ ಪೂರ್ವಿಕ ಪ್ರತಿಯ ನಕಲಾಗಿರುತ್ತವೆ. ಬೇಕಾದ ಬಣ್ಣ ಹೀಗೆ ಬೇಗ ಜೊತೆಯಾಗುತ್ತದೆ ನಿಜ, ಬೇಡದ ದೋಷಗಳೂ ಅಷ್ಟೇ ಬೇಗ ಜೊತೆಯಾಗುತ್ತವೆ. ಮೊಟ್ಟೆಯೊಳಗೇ ಸಾಯುವ ಮರಿಗಳು ಹೆಚ್ಚಾಗುವುದು, ಎದ್ದವು ಬಡಕಲಾಗುವುದು ಮೊದಲ ಸೂಚನೆ. ಒಂದು ಸಲ ಹಾಗೆ ಕೂಡಿಸಿದರೆ, ಮುಂದಿನ ಸಲ ಬೇರೆ ಊರಿನ ಹುಂಜ ತನ್ನಿ.

ಕೋಳಿಗಳನ್ನು ಮೂರು ಕುಟುಂಬಗಳಾಗಿ ವಿಂಗಡಿಸಿ, ಹೆಣ್ಣುಮರಿಗಳನ್ನು ಹುಟ್ಟಿದ ಕುಟುಂಬದಲ್ಲೇ ಇಟ್ಟು, ಗಂಡುಗಳನ್ನು ಪ್ರತಿ ವರ್ಷ ಮುಂದಿನ ಕುಟುಂಬಕ್ಕೆ ದಾಟಿಸುವುದು ಹಳೆಯ, ನಂಬಬಹುದಾದ ದಾರಿ. ಜಾಗ ಸಾಲದಿದ್ದರೆ ನೆರೆಯ ಇಬ್ಬರ ಜೊತೆ ಹಂಚಿಕೊಳ್ಳಬಹುದು, ಒಬ್ಬೊಬ್ಬರ ಹಿತ್ತಲಲ್ಲಿ ಒಂದೊಂದು ಕುಟುಂಬ.

ಆರಿಸುವಾಗ ಬಣ್ಣವನ್ನು ಕೊನೆಯ ಜರಡಿಯಾಗಿ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಮೊದಲು ರೋಗ ತಾಳಿಕೊಂಡವು, ಆಮೇಲೆ ಚೆನ್ನಾಗಿ ಮೇಯುವವು, ಆಮೇಲೆ ಕಾವು ಕೂತು ಮರಿ ಬಿಡದೆ ಕಾಯುವವು. ಅಷ್ಟು ದಾಟಿ ಉಳಿದವುಗಳಲ್ಲಿ ಬಣ್ಣ ಹುಡುಕುತ್ತೇನೆ. ಬೇಡದ ಬಣ್ಣದವೂ ಹಿತ್ತಲಲ್ಲೇ ಇರುತ್ತವೆ. ಮಾಸಲು ಕಂದಿನ ಮೇಲೆ ಅಡ್ಡಾದಿಡ್ಡಿ ಬಿಳಿ ಚುಕ್ಕೆಯ ಒಂದು ಹೇಂಟೆಯಿದೆ, ಪುಸ್ತಕದ ಯಾವ ಸಾಲಿಗೂ ಅದು ಸೇರುವುದಿಲ್ಲ. ಆಯ್ದ ಜೋಡಿಗಳ ಮೊಟ್ಟೆಯೆಲ್ಲ ಅದರ ಹೊಟ್ಟೆಯಡಿಗೇ ಹೋಗುತ್ತವೆ. ಕಾವಿಗೆ ಕೂತರೆ ಮಳೆ ಬಂದರೂ ಏಳದ ಕೋಳಿ ನಮ್ಮಲ್ಲಿ ಅದೊಂದೇ.